ಮನೆ ಮಾರುವಾಗ ಐಬು ಮುಚ್ಚಿಡಬೇಡಿ

ಕಳೆದ ಮಳೆಗಾಲದಲ್ಲಿ ನಮ್ಮ ಜಮಾಅತಿನ ಇಬ್ಬರು ಮಾತು ಬಿಟ್ಟರು. ಒಬ್ಬರು ಮನೆ ಮಾರಿದವರು, ಇನ್ನೊಬ್ಬರು ಕೊಂಡವರು. ಕೊಂಡವರು ಹತ್ತೊಂಬತ್ತು ವರ್ಷ ಸೌದಿಯಲ್ಲಿ ದುಡಿದು ಊರಿಗೆ ಬಂದವರು. ಕೈಯಲ್ಲಿದ್ದದ್ದನ್ನೆಲ್ಲ ಹಾಕಿ, ಹೆಂಡತಿಯ ಚಿನ್ನವನ್ನೂ ಮಾರಿ ಫೆಬ್ರವರಿಯಲ್ಲಿ ಮನೆ ತೆಗೆದುಕೊಂಡರು. ಆಗ ಗೋಡೆಗೆ ಹೊಸ ಪೈಂಟ್, ಬಾವಿಯಲ್ಲಿ ತಿಳಿ ನೀರು. ಜೂನ್‌ನಲ್ಲಿ ನಾಲ್ಕು ಮಳೆ ಬಿದ್ದದ್ದೇ ತಡ, ಅಡುಗೆಮನೆಯ ಗೋಡೆ ಒಸರತೊಡಗಿತು. ಶೌಚಾಲಯದ ಗುಂಡಿಯ ನೀರು ಬಾವಿಗಿಳಿದು ವಾಸನೆ ಬಂತು. ಮೇಲಿನ ಎರಡು ಕೋಣೆಗಳಿಗೆ ಲೈಸೆನ್ಸೇ ಇಲ್ಲ ಎಂಬುದು ಆಮೇಲೆ ಗೊತ್ತಾಯಿತು.

ವಿಷಯ ಮಸೀದಿ ಕಮಿಟಿಗೆ ಬಂತು. ನನ್ನನ್ನೂ ಕರೆದಿದ್ದರು. ಮಾರಿದವರು ಹೇಳಿದ್ದು ಒಂದೇ ಮಾತು: "ಅವರು ಕೇಳ್ಲಿಲ್ಲ, ನಾನು ಹೇಳ್ಲಿಲ್ಲ. ಇದ್ರಲ್ಲಿ ನನ್ನ ತಪ್ಪೇನು ಉಸ್ತಾದ್?"

ಹೀಗೆ ಕೇಳುವವರು ಅವರೊಬ್ಬರೇ ಅಲ್ಲ. ಆದ್ದರಿಂದ ಈ ಬರಹ.

ಅಮೆರಿಕದ ಮಿನಿಯಾಪೊಲಿಸ್ ನಗರದಲ್ಲಿ ಒಂದು ನಿಯಮವಿದೆ. ಅಲ್ಲಿ ಮನೆಯನ್ನು ಮಾರಾಟಕ್ಕಿಡುವವರು ನಗರಾಡಳಿತದ ಪರವಾನಿಗೆ ಪಡೆದ ಪರೀಕ್ಷಕರಿಂದ ಮನೆ ತಪಾಸಣೆ ಮಾಡಿಸಬೇಕು. ಅವರು ಕೊಟ್ಟ ವರದಿಯನ್ನು ಮನೆ ನೋಡಲು ಬಂದವರಿಗೆ ತೋರಿಸಬೇಕು. ಅಪಾಯಕಾರಿ ದೋಷವಿದ್ದರೆ ರಿಪೇರಿಯಾಗಬೇಕು. ಆ ನಿಯಮದ ಹೆಸರಿನಲ್ಲೇ 'ಸತ್ಯ' ಎಂಬ ಪದವಿದೆ. ಮನೆ ಮಾರಾಟದಲ್ಲಿ ಸತ್ಯ ಎಂದು ಅದರ ಅರ್ಥ.

ನಮ್ಮಲ್ಲಿ ಹಾಗೆ ಯಾರೂ ಬಂದು ನೋಡುವುದಿಲ್ಲ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಡುವುದು ಕಾಗದಪತ್ರ, ಗುರುತಿನ ಚೀಟಿ, ಶುಲ್ಕ. 2024ರ ಅಕ್ಟೋಬರ್‌ನಿಂದ ರಾಜ್ಯದ ನಗರ ಪ್ರದೇಶದ ಆಸ್ತಿಗಳ ನೋಂದಣಿಗೆ ಇ-ಖಾತಾ ಕಡ್ಡಾಯವಾಗಿದೆ. ಅದು ಒಳ್ಳೆಯದೇ. ಆದರೆ ಇ-ಖಾತಾ ಗೋಡೆಯ ಬಿರುಕು ತೋರಿಸುವುದಿಲ್ಲ, ಬಾವಿಯ ನೀರು ಕುಡಿದು ನೋಡುವುದಿಲ್ಲ. ಆ ಕೆಲಸ ಮಾರುವವನ ಈಮಾನಿಗೆ ಬಿಟ್ಟದ್ದು.

ಹಾಗಂತ ಕಾನೂನು ಸುಮ್ಮನಿದೆ ಎಂದು ತಿಳಿಯಬೇಡಿ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಸೆಕ್ಷನ್ ಪ್ರಕಾರ, ಮಾರುವವನಿಗೆ ಗೊತ್ತಿದ್ದು, ಕೊಳ್ಳುವವನಿಗೆ ಸಾಮಾನ್ಯ ಎಚ್ಚರದಿಂದ ನೋಡಿದರೂ ತಿಳಿಯದಂಥ ಮುಖ್ಯ ದೋಷವಿದ್ದರೆ ಮಾರುವವನೇ ತಿಳಿಸಬೇಕು. ಮನೆಯ ದೋಷಕ್ಕೂ ಹಕ್ಕಿನ ದೋಷಕ್ಕೂ ಇದು ಅನ್ವಯ. "ಅವರು ಕೇಳ್ಲಿಲ್ಲ" ಎಂಬ ಮಾತು ಅಲ್ಲಿ ನಡೆಯುವುದಿಲ್ಲ.

ಶರೀಅತ್ ಇದನ್ನು ಎಷ್ಟೋ ಮುಂಚೆ ಕಲಿಸಿದೆ. ಪ್ರವಾದಿ (ಸ) ಅವರು ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈಯಿಟ್ಟು ನೋಡಿದ ಘಟನೆ ಮದ್ರಸದ ಮಕ್ಕಳಿಗೂ ಗೊತ್ತು. ಮೇಲೆ ಒಣಗಿತ್ತು, ಒಳಗೆ ಒದ್ದೆ. ಮಳೆಗೆ ನೆನೆಯಿತು ಎಂದ ವ್ಯಾಪಾರಿ. ಹಾಗಾದರೆ ಜನರಿಗೆ ಕಾಣುವಂತೆ ಒದ್ದೆಯದನ್ನು ಮೇಲೆ ಹಾಕಬಹುದಿತ್ತಲ್ಲ ಎಂದು ಪ್ರವಾದಿಯವರು ಕೇಳಿದರು. ವಂಚಿಸುವವನು ತಮ್ಮವನಲ್ಲ ಎಂದು ಎಚ್ಚರಿಸಿದರು. ಬೇಸಗೆಯಲ್ಲಿ ಪೈಂಟ್ ಹೊಡೆದು ಮಾರುವ ಸೋರುವ ಮನೆಗೂ ಆ ರಾಶಿಗೂ ಏನು ವ್ಯತ್ಯಾಸ?

ಫಿಕ್ಹ್‌ನಲ್ಲಿ ಇದಕ್ಕೆ 'ಖಿಯಾರುಲ್ ಐಬ್' ಎನ್ನುತ್ತಾರೆ. ನಾವು ಕನ್ನಡದಲ್ಲಿ ಹೇಳುವ 'ಐಬು' ಕೂಡ ಇದೇ ಪದ. ಮಾರುವ ಮುಂಚೆಯೇ ಇದ್ದ, ಬೆಲೆ ಕುಗ್ಗಿಸುವ ದೋಷ ಆಮೇಲೆ ಗೊತ್ತಾದರೆ ಕೊಂಡವನಿಗೆ ವಸ್ತುವನ್ನು ಹಿಂದಿರುಗಿಸಿ ಹಣ ಪಡೆಯುವ ಹಕ್ಕಿದೆ. ಆದರೆ ನಮ್ಮ ಶಾಫಿಈ ಮದ್‌ಹಬ್‌ನಲ್ಲಿ ಗೊತ್ತಾದ ಕೂಡಲೇ ಹೇಳಬೇಕು. ತಿಳಿದ ಮೇಲೂ ವರ್ಷಗಟ್ಟಲೆ ಅದೇ ಮನೆಯಲ್ಲಿ ಕೂತು ಆಮೇಲೆ ತಕರಾರು ತೆಗೆದರೆ ಆ ಹಕ್ಕು ಉಳಿಯುವುದಿಲ್ಲ.

ಬ್ರೋಕರ್ ಕೆಲಸ ಮಾಡುವ ಸಹೋದರರಿಗೂ ಒಂದು ಮಾತು. ಸಹಾಬಿ ವಾಸಿಲ ಇಬ್ನ್ ಅಸ್ಕಅ್ (ರ) ಅವರು ಒಂಟೆಯೊಂದು ಮಾರಾಟವಾದದ್ದನ್ನು ಕಂಡು, ಕೊಂಡವನ ಹಿಂದೆಯೇ ಓಡಿ ಅದರ ಪಾದದಲ್ಲಿ ತೂತಿದೆ ಎಂದು ತಿಳಿಸಿದರು. ವ್ಯಾಪಾರ ಕೆಡಿಸಿದಿರಿ ಎಂದು ಮಾರಿದವನು ಬೇಸರಿಸಿದರೂ ಅವರು ಬಿಡಲಿಲ್ಲ. ಗೊತ್ತಿದ್ದವರು ಹೇಳಲೇಬೇಕು ಎಂಬುದು ಅವರು ಕಲಿತ ಪಾಠ. ಕಮಿಷನ್ ಪಡೆಯುವವರಿಗೆ ಈ ಹೊಣೆ ಇನ್ನೂ ಹೆಚ್ಚು.

ಕೊಳ್ಳುವವರೂ ಕಣ್ಣುಮುಚ್ಚಿ ಅಡ್ವಾನ್ಸ್ ಕೊಡಬಾರದು. ಮಂಜೂರಾದ ನಕ್ಷೆ ಕೇಳಿ, ಅದನ್ನು ಕೈಯಲ್ಲಿ ಹಿಡಿದು ಕೋಣೆ ಎಣಿಸಿ. ಕಟ್ಟಡ ಪೂರ್ಣಗೊಂಡ ಪ್ರಮಾಣಪತ್ರ ಇದೆಯೇ ನೋಡಿ. ಅದಿಲ್ಲದ ಕಟ್ಟಡಕ್ಕೆ ಕರೆಂಟು, ನೀರಿನ ಸಂಪರ್ಕ ಕೊಡಬಾರದೆಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ಹೇಳಿದೆ. ಪಂಚಾಯತ್ ವ್ಯಾಪ್ತಿಯಾದರೆ 9/11 ಕೇಳಿ. ಇ.ಸಿ. ತೆಗೆಸಿ, ಸಾಲ ಬಾಕಿ ಇದೆಯೇ ತಿಳಿದುಕೊಳ್ಳಿ. ಮನೆ ತೆರಿಗೆ, ನೀರಿನ ಬಿಲ್, ಮೆಸ್ಕಾಂ ಬಿಲ್ ನೋಡಿ. ಗುಂಡಿಗೂ ಬಾವಿಗೂ ಎಷ್ಟು ದೂರ ಎಂದು ಅಳೆಯಿರಿ. ಸಾಧ್ಯವಾದರೆ ಮಳೆಗಾಲದಲ್ಲೊಮ್ಮೆ ಮನೆ ನೋಡಿ. ಆಗದಿದ್ದರೆ ಅಕ್ಕಪಕ್ಕದವರನ್ನು ವಿಚಾರಿಸಿ.

ಎಲ್ಲಕ್ಕಿಂತ ದೊಡ್ಡ ಐಬು ಒಂದಿದೆ. ಅದು ಗೋಡೆಯಲ್ಲಿ ಕಾಣುವುದಿಲ್ಲ. ತಂದೆ ತೀರಿಕೊಂಡ ಮೇಲೆ ಅಣ್ಣತಮ್ಮಂದಿರೇ ಮನೆ ಮಾರುತ್ತಾರೆ. ಉಮ್ಮನ ಎಂಟನೇ ಒಂದು ಪಾಲು, ತಂಗಿಯರ ಪಾಲು ಲೆಕ್ಕಕ್ಕೇ ಬರುವುದಿಲ್ಲ. ಅಲ್ಲಾಹನು ನಿಗದಿ ಮಾಡಿದ ಪಾಲು ಅದು. ಅವರ ಒಪ್ಪಿಗೆ, ಸಹಿ ಇಲ್ಲದ ಮನೆಯನ್ನು ಮಾರುವುದೂ ಬೇಡ, ಕೊಳ್ಳುವುದೂ ಬೇಡ. ವಾರಸುದಾರರಲ್ಲಿ ಪ್ರಾಯಕ್ಕೆ ಬರದ ಮಕ್ಕಳಿದ್ದರೆ ಮೊದಲು ವಕೀಲರನ್ನು ಕಾಣಿ. ಆ ಮಕ್ಕಳ ಪಾಲನ್ನು ಕೋರ್ಟಿನ ಅನುಮತಿ ಇಲ್ಲದೆ ತಾಯಿಯೂ ಮಾರುವಂತಿಲ್ಲ.

ನಮ್ಮ ಜಮಾಅತಿನ ಆ ತಕರಾರಿನಲ್ಲಿ ಹೊಸ ಗುಂಡಿಯ ಖರ್ಚು ಕೊಡಲು ಮಾರಿದವರು ಒಪ್ಪಿದ್ದಾರೆ. ಮೇಲಿನ ಕೋಣೆಗಳ ವಿಷಯ ಇನ್ನೂ ಮುಗಿದಿಲ್ಲ. ಇಬ್ಬರೂ ಒಂದೇ ಸಫ್ಫಿನಲ್ಲಿ ನಮಾಝ್ ಮಾಡುತ್ತಾರೆ, ಸಲಾಂ ಮಾತ್ರ ಹೇಳಿಕೊಳ್ಳುವುದಿಲ್ಲ. ಫೆಬ್ರವರಿಯಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದರೆ ಬೆಲೆಯಲ್ಲಿ ಸ್ವಲ್ಪ ಕಡಿಮೆಯಾಗುತ್ತಿತ್ತೇನೋ. ಬರಕತ್ ಉಳಿಯುತ್ತಿತ್ತು, ನೆರೆಹೊರೆಯೂ ಉಳಿಯುತ್ತಿತ್ತು.