ಕೌದಿಯ ಹೊಲಿಗೆ

ಪಟ್ಟಣವಾಸಿಗಳಾದ ನಮ್ಮಲ್ಲಿ ಅನೇಕರು ಚಳಿಗಾಲ ಬಂದಿತೆಂದರೆ ಕಂಬಳಿಯನ್ನೋ ರಜಾಯಿಯನ್ನೋ ಅಂಗಡಿಯಿಂದ ಕೊಂಡುತರುತ್ತೇವೆ. ಕೌದಿಯೆಂಬ ಹೆಸರು ಕಿವಿಗೆ ಬಿದ್ದರೆ, ಅದು ಬಡವರ ಮನೆಯ ಹರಕುಬಟ್ಟೆಯ ಹೊದಿಕೆಯೆಂದು ತಿಳಿಯುವವರೇ ಬಹುಮಂದಿ. ಈಚೆಗೆ ಇದಕ್ಕೆ ವಿರುದ್ಧವಾದ ಮತ್ತೊಂದು ಅಭಿಪ್ರಾಯವೂ ಹಬ್ಬಿದೆ. ಕೌದಿಯು ದಿವಾನಖಾನೆಯ ಗೋಡೆಗೆ ತೂಗುಹಾಕತಕ್ಕ ಚಿತ್ರವೆಂಬುದು. ಎರಡೂ ದೂರದಿಂದ ನೋಡಿದವರ ಮಾತುಗಳು. ಹೊಲಿಯುವ ಕೈಯ ಕಡೆಯಿಂದ ನೋಡಿದರೆ ಏನು ಕಾಣುತ್ತದೆಂಬುದನ್ನು ಕೇಳುಗರೊಡನೆ ಸ್ವಲ್ಪ ವಿಚಾರಮಾಡೋಣ.

ಧಾರವಾಡ, ಬೆಳಗಾವಿ, ವಿಜಯಪುರದ ಕಡೆಯ ಮನೆಗಳಲ್ಲಿ ಕೌದಿಯು ಹಾಸಲಿಕ್ಕೂ ಆಯಿತು, ಹೊದೆಯಲಿಕ್ಕೂ ಆಯಿತು. ಕೆಳಗೆ ಒಂದು ಹಳೆಯ ಸೀರೆ, ನಡುವೆ ಧೋತರ ಸೀರೆಗಳ ಪದರಗಳು, ಮೇಲೆ ಬಣ್ಣಬಣ್ಣದ ತುಂಡುಗಳು. ಇವೆಲ್ಲವನ್ನೂ ಒಂದೇ ದಾರದ ಓಟದ ಹೊಲಿಗೆಯಿಂದ ಹಿಡಿದು ಕಟ್ಟಿದರೆ ಕೌದಿ. ಹಳೆಯ ಬಟ್ಟೆಯನ್ನು ಬಳಸುವುದು ಕೇವಲ ಮಿತವ್ಯಯಕ್ಕಾಗಿ ಎಂದು ಹೇಳುವುದುಂಟು. ಅದು ಅರ್ಧ ಸತ್ಯ. ಹತ್ತಾರು ಸಲ ಒಗೆದ ಹತ್ತಿಯ ಬಟ್ಟೆ ಕುಗ್ಗುವಷ್ಟು ಕುಗ್ಗಿ, ಬಣ್ಣ ಬಿಡುವಷ್ಟು ಬಿಟ್ಟು, ಗಂಜಿ ಕಳೆದುಕೊಂಡು ಮೆತ್ತಗಾಗಿರುತ್ತದೆ. ಇಂಥ ಬಟ್ಟೆಯ ನಾಲ್ಕೈದು ಪದರಗಳಲ್ಲಿ ಸೂಜಿ ಸಲೀಸಾಗಿ ಹೋಗುತ್ತದೆ. ಬಗೆಬಗೆಯ ಹೊಸ ಬಟ್ಟೆಗಳನ್ನು ಒಗೆಯದೆ ಸೇರಿಸಿದರೋ, ಮೊದಲನೆಯ ಒಗೆತದಲ್ಲಿಯೇ ಒಂದೊಂದು ತುಂಡು ಒಂದೊಂದು ಪ್ರಮಾಣದಲ್ಲಿ ಕುಗ್ಗಿ, ಕೌದಿಯು ಸೊಟ್ಟಮೋರೆ ಮಾಡಿಕೊಳ್ಳುತ್ತದೆ.

ಈ ಕಲೆಯ ಅತ್ಯಂತ ಸ್ವಾರಸ್ಯವಾದ ರೂಪವನ್ನು ಕಾಣಬೇಕಾದರೆ ಉತ್ತರಕನ್ನಡದ ಕಾಡುಸೀಮೆಗೆ ಹೋಗಬೇಕು. ಯಲ್ಲಾಪುರ, ಹಳಿಯಾಳ, ಮುಂಡಗೋಡುಗಳ ಸುತ್ತಿನ ಹಳ್ಳಿಗಳಲ್ಲಿ ಸಿದ್ದಿಯರು ವಾಸಿಸುತ್ತಾರೆ. ಇವರ ಪೂರ್ವಿಕರು ಆಫ್ರಿಕದವರು. ಅವರಲ್ಲಿ ಅನೇಕರನ್ನು ಗುಲಾಮರನ್ನಾಗಿ ಗೋವೆಗೆ ತಂದಿದ್ದರು. ಇವರಲ್ಲಿ ಹಿಂದೂಗಳೂ ಮುಸಲ್ಮಾನರೂ ಕ್ರೈಸ್ತರೂ ಇದ್ದಾರೆ. ಕೆಲವರ ಕೌದಿಗಳಲ್ಲಿ ಶಿಲುಬೆಯೂ ಕೆಲವರವುಗಳಲ್ಲಿ ಬಾಲಚಂದ್ರನೂ ಕಾಣಿಸಿಕೊಳ್ಳುವುದುಂಟು. ತಮ್ಮ ಕೌದಿಯನ್ನು ಇವರು ಕವಂದಿಯೆಂದು ಕರೆಯುತ್ತಾರೆ.

ಪಾಶ್ಚಾತ್ಯ ದೇಶಗಳಲ್ಲಿ ನಡುವೆ ಹತ್ತಿಯನ್ನಿಟ್ಟು ಹೊಲಿಯುವವರು ಸಾಮಾನ್ಯವಾಗಿ ಮಧ್ಯದಿಂದ ಆರಂಭಿಸಿ ಅಂಚಿನ ಕಡೆಗೆ ಸಾಗುತ್ತಾರೆ. ಪದರಗಳಲ್ಲಿ ಮಿಕ್ಕ ಬಟ್ಟೆ ಅಂಚಿಗೆ ಸರಿದುಹೋಗಲಿ, ಕಡೆಗೆ ಕತ್ತರಿಸೋಣ ಎಂಬುದು ಅವರ ಯುಕ್ತಿ. ಸಿದ್ದಿ ಹೆಂಗಸು ಮಾಡುವುದು ಇದಕ್ಕೆ ತದ್ವಿರುದ್ಧ. ಆಕೆ ಅಂಚಿನಲ್ಲಿ ತೊಡಗಿ, ತುಂಡಿನ ಪಕ್ಕಕ್ಕೆ ತುಂಡನ್ನಿಟ್ಟು, ಅದರ ಅಂಚನ್ನು ಒಳಕ್ಕೆ ಮಡಿಸಿ ಹೊಲಿಯುತ್ತ, ಸುತ್ತುಸುತ್ತಾಗಿ ನಡುವಿಗೆ ಬರುತ್ತಾಳೆ. ಮೊದಲೇ ಬರೆದಿಟ್ಟ ನಕ್ಷೆಯಿಲ್ಲ. ಮುಂದಿನ ಬಣ್ಣ ಯಾವುದೆಂಬುದನ್ನು ಹಿಂದಿನ ಬಣ್ಣವನ್ನು ನೋಡಿ ನಿಶ್ಚಯಿಸುತ್ತಾಳೆ. ಇದರಲ್ಲಿರುವ ಅಪಾಯವನ್ನು ಕೇಳುಗರು ಊಹಿಸಬಹುದು. ಅಂಚು ಆಗಲೇ ಬಿಗಿಯಾಗಿ ಕೂತಿರುವುದರಿಂದ, ಮಿಕ್ಕ ಬಟ್ಟೆಯೆಲ್ಲ ನಡುವೆ ಗುಳ್ಳೆಯಾಗಿ ಏಳಲು ಹವಣಿಸುತ್ತದೆ. ಪ್ರತಿಯೊಂದು ಸುತ್ತಿನಲ್ಲಿಯೂ ಅಂಗೈಯಿಂದ ಸವರಿ, ಆ ಹೆಚ್ಚಳವನ್ನು ಸಣ್ಣಸಣ್ಣ ನೆರಿಗೆಗಳಾಗಿ ಹೊಲಿಗೆಯೊಳಗೇ ಅಡಗಿಸಬೇಕು. ಕೌದಿಯ ಮೈಮೇಲೆ ಕೆರೆಯ ತೆರೆಗಳಂತೆ ಕಾಣುವ ಏರುತಗ್ಗುಗಳು ಹೀಗೆ ಹುಟ್ಟಿದವು. ಕೊನೆಗೆ ನಾಲ್ಕು ಮೂಲೆಗಳಲ್ಲಿಯೂ ಮಡಿಸಿದ ಬಟ್ಟೆಯ ಪುಟ್ಟ ತುಂಡುಗಳನ್ನಿಡುತ್ತಾರೆ. ಅವಕ್ಕೆ ಫೂಲ, ಎಂದರೆ ಹೂವು, ಎಂದು ಹೆಸರು. ಹೂವಿಲ್ಲದ ಕವಂದಿ ಪೂರ್ಣವಾಗಲಿಲ್ಲವೆಂದೇ ಲೆಕ್ಕ.

ಹೊಲಿಗೆಯ ಯಂತ್ರವಿರುವಾಗ ಇಷ್ಟು ಶ್ರಮವೇಕೆ ಎಂದು ಕೇಳಬಹುದು. ಯಂತ್ರದ ಹಲ್ಲುಗಳು ಕೆಳಪದರವನ್ನು ಎಳೆಯುವಷ್ಟು ಬೇಗ ಮೇಲಿನದು ಸರಿಯುವುದಿಲ್ಲ. ದಪ್ಪನಾದ ಕೌದಿಯಲ್ಲಿ ಇದರಿಂದ ಪದರಗಳು ಒಂದರಿಂದೊಂದು ಜಾರುತ್ತವೆ. ಎರಡು ದಾರಗಳ ಬಿಗಿಯಿಂದ ಬಟ್ಟೆಯೂ ಪೆಡಸಾಗುತ್ತದೆ. ಕೈಹೊಲಿಗೆಯಾದರೋ ಪದರಗಳಿಗೆ ಸ್ವಲ್ಪ ಉಸಿರಾಡುವ ಎಡೆಯನ್ನು ಬಿಡುತ್ತದೆ. ಆ ಎಡೆಯಲ್ಲಿ ನಿಂತ ಗಾಳಿಯಿಂದಲೇ ಬೆಚ್ಚಗಾಗುವುದು.

ಈಗ ಶ್ರಮದ ಲೆಕ್ಕಕ್ಕೆ ಬರೋಣ. ಕಾಗದ ಪೆನ್ಸಿಲು ಹಿಡಿದಿರುವವರಿಗಾಗಿ ನಿಧಾನವಾಗಿ ಹೇಳುತ್ತೇವೆ. 6 ಅಡಿ ಉದ್ದ, 4 ಅಡಿ ಅಗಲದ ಒಂದು ಕೌದಿಯನ್ನು ಭಾವಿಸಿಕೊಳ್ಳಿ. ಅರ್ಧ ಅಂಗುಲಕ್ಕೊಂದು ಸಾಲೆಂದರೆ 96 ಸಾಲುಗಳು. ಒಟ್ಟು ಉದ್ದ 576 ಅಡಿ. ಅಂಗುಲಕ್ಕೆ 4 ಹೊಲಿಗೆಯಂತೆ 27,648 ಹೊಲಿಗೆಗಳು. ನಿಮಿಷಕ್ಕೆ 12 ಹೊಲಿಗೆ ಹಾಕಿದರೂ 38 ಗಂಟೆಗೆ ಮೇಲಾಯಿತು. ಅಡುಗೆ ಹೊಲ ಮಕ್ಕಳನ್ನು ನೋಡಿಕೊಂಡು ದಿನಕ್ಕೆ 2 ಗಂಟೆ ಬಿಡುವು ಸಿಕ್ಕುವ ಹೆಂಗಸಿಗೆ ಇದು 19 ದಿನಗಳ ಕೆಲಸ. ತುಂಡು ಕತ್ತರಿಸಿ ಜೋಡಿಸುವ ಕಾಲವನ್ನು ನಾವು ಸೇರಿಸಿಲ್ಲ. ತುಂಡಿನ ಮೇಲೆ ತುಂಡು ಬಿದ್ದ ಕಡೆ ಸೂಜಿ ಮುರಿಯುವುದನ್ನೂ, ಬೆರಳು ಹರಿಯುವುದನ್ನೂ ಸೇರಿಸಿಲ್ಲ.

2003ರಲ್ಲಿ ಉತ್ತರಕನ್ನಡದ ಸಿದ್ದಿಯರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಲಾಯಿತು. 2011ರಲ್ಲಿ ಅವರ ಕೌದಿಗಳು ನ್ಯೂಯಾರ್ಕಿನ ಶಾಂಬರ್ಗ್ ಕೇಂದ್ರದಲ್ಲಿ ಪ್ರದರ್ಶಿತವಾದುವು. ಹೆನ್ರಿ ಡ್ರೂವಲ್ ಎಂಬ ಅಮೆರಿಕದ ಕಲಾಚರಿತ್ರೆಯ ಪಂಡಿತರು ಇವುಗಳ ಮೇಲೆ ಬಹಳ ದುಡಿದಿದ್ದಾರೆ. ಕೀರ್ತಿಯೇನೋ ಬಂದಿತು. ಆದರೆ ಕೀರ್ತಿಯ ಬೆನ್ನಹಿಂದೆ ಬರುವ ಗಿರಾಕಿಯು ಹೊಸ ಬಟ್ಟೆ ಬೇಕು, ತನ್ನ ಕುರ್ಚಿಯ ಬಣ್ಣಕ್ಕೆ ಹೊಂದಬೇಕು, ಸಾಲು ನೆಟ್ಟಗಿರಬೇಕು ಎಂದರೆ, ಹೊಲಿಯುವವಳ ಕಣ್ಣಿಗೂ ತೀರ್ಮಾನಕ್ಕೂ ಉಳಿಯುವ ಕೆಲಸವೇನು? ನಮ್ಮ ಮತದಲ್ಲಿ ಇದು ಕಡಮೆ ಬೆಲೆ ಕೊಡುವುದಕ್ಕಿಂತ ಸಣ್ಣ ಅನ್ಯಾಯವಲ್ಲ. ಇನ್ನೊಂದು ತೊಡಕು ಮನೆಯೊಳಗಿನದೇ. ಹತ್ತಿಯ ಸೀರೆಗಳಿದ್ದ ಗಂಟಿನಲ್ಲಿ ಈಗ ಪಾಲಿಯೆಸ್ಟರು ಸೇರಿದೆ. ಅದು ಸೂಜಿಗೆ ಜಾರುತ್ತದೆ, ಬೆವರನ್ನು ಹೀರುವುದಿಲ್ಲ, ಎಷ್ಟು ಒಗೆದರೂ ಹತ್ತಿಯಂತೆ ಮೆತ್ತಗಾಗುವುದಿಲ್ಲ. ಆದರೂ ಬೇಗ ಹರಿಯದೆಂದು ಅದನ್ನೇ ಮೇಲಕ್ಕೆ ಹಾಕಿ, ಮೈಗೆ ತಾಗುವ ಪಕ್ಕಕ್ಕೆ ಹತ್ತಿಯನ್ನು ಉಳಿಸಿಕೊಳ್ಳಬಹುದು. ಇದು ಜಾಣತನವೇ ಸರಿ.

ಕೌದಿಯನ್ನು ಕೊಳ್ಳಬೇಕೆನ್ನುವವರು ಮೊದಲು ಅದನ್ನು ತಿರುವಿಹಾಕಿ ಬೆನ್ನನ್ನು ನೋಡಬೇಕು. ಹೊಲಿಗೆಯ ಗುಣ ತಿಳಿಯುವುದು ಅಲ್ಲಿ. ನೆನೆದ ಕೌದಿಯನ್ನು ಹಿಂಡಲು ಇಬ್ಬರು ಬೇಕಾಗುವುದರಿಂದ, ಮಳೆಗಾಲಕ್ಕೆ ಮುಂಚೆಯೇ ಒಗೆದು ಎರಡು ಮಗ್ಗುಲನ್ನೂ ಬಿಸಿಲಿಗೆ ಕಾಯಿಸುವುದು ಒಳ್ಳೆಯದು. ಹರಿದಲ್ಲಿ ಮೇಲೊಂದು ತುಂಡನ್ನಿಟ್ಟು ಹೊಲಿದರೆ ಸಾಕು. ಹೀಗೆ ತೇಪೆಯ ಮೇಲೆ ತೇಪೆ ಬಿದ್ದು ಇನ್ನು ಹೊಲಿಗೆ ನಿಲ್ಲದೆಂಬ ಸ್ಥಿತಿಗೆ ಬಂದ ಕೌದಿಯನ್ನೂ ಎಸೆಯಬೇಕಾಗಿಲ್ಲ. ಅದನ್ನು ಮತ್ತೊಂದು ಕೌದಿಯ ಒಳಪದರವನ್ನಾಗಿ ಹಾಕಿ ಹೊಲಿಯಬಹುದು.