ತಲೆನೋವಿನ ಹಿಂದೆ ಅವಿತಿರುವ ಕ್ಷಯ

ಪೀಣ್ಯದ ಕಾರ್ಖಾನೆಯೊಂದರ ತರುಣ ಕಾರ್ಮಿಕನಿಗೆ ಎರಡು ವಾರಗಳಿಂದ ತಲೆನೋವು, ಸಂಜೆಯ ವೇಳೆಗೆ ಸಣ್ಣ ಜ್ವರ ಎಂದು ಭಾವಿಸೋಣ. ಯಂತ್ರಗಳ ಸದ್ದು, ರಾತ್ರಿಪಾಳಿಯ ಆಯಾಸ ಎಂದುಕೊಂಡು ಅವನು ಮಾತ್ರೆ ನುಂಗಿ ಸುಮ್ಮನಾಗುತ್ತಾನೆ. ಕೆಮ್ಮಿಲ್ಲವಾದುದರಿಂದ ಕ್ಷಯದ ಶಂಕೆ ಯಾರಿಗೂ ಬಾರದು. ಒಂದು ವಸ್ತು ಎರಡಾಗಿ ಕಾಣತೊಡಗಿ, ಮಾತು ತಡವರಿಸಿದ ಮೇಲೆ ಅವನನ್ನು ಆಸ್ಪತ್ರೆಗೆ ಕರೆತರುತ್ತಾರೆ.

ಶ್ವಾಸಕೋಶದ ಕ್ಷಯವಾದರೆ ಪರೀಕ್ಷೆಗೆ ಕಫವಿದೆ. ಪೀಣ್ಯವನ್ನು ಹಾದುಹೋಗುವ ಹೆದ್ದಾರಿಯಲ್ಲೇ ಮುಂದೆ ಸಿಕ್ಕುವ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯವರು ಸಮೀಕ್ಷೆ ನಡೆಸಿದರು. ಅಂಥ ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ತಾವಾಗಿಯೇ ಚಿಕಿತ್ಸಾಲಯಗಳಿಗೆ ಹೋಗಿದ್ದರೆಂದು 1963ರಲ್ಲಿ ಪ್ರಕಟವಾದ ಅದರ ವರದಿ ತಿಳಿಸಿತು. ಅವರನ್ನು ಗುರುತಿಸಲು ಸೂಕ್ಷ್ಮದರ್ಶಕವಿತ್ತು.

ಮೆದುಳಿನ ಪೊರೆಗಳಿಗೆ ತಗಲಿದ ಕ್ಷಯದಲ್ಲಿ ಈ ಅನುಕೂಲವಿಲ್ಲ. ಇಲ್ಲಿ ಸೊಂಟದ ಎಲುಬುಗಳ ನಡುವೆ ಸೂಜಿಯಿಳಿಸಿ, ಮೆದುಳನ್ನೂ ಬೆನ್ನುಹುರಿಯನ್ನೂ ಸುತ್ತುವರಿದಿರುವ ದ್ರವವನ್ನು ತೆಗೆಯಬೇಕು. ಕ್ರಿಮಿಗಳಾದರೋ ಬಹುಪಾಲು ಮೆದುಳಿನ ತಳದ ದಪ್ಪನೆಯ ಸ್ರಾವದಲ್ಲೇ ಅಡಗಿರುತ್ತವೆ. ದ್ರವದಲ್ಲಿ ತೇಲುವವು ಕೆಲವೇ. ಸೂಕ್ಷ್ಮದರ್ಶಕಕ್ಕೆ ಕಾಣಬೇಕಾದರೆ ಒಂದು ಮಿಲಿಲೀಟರಿನಲ್ಲಿ ಸಾವಿರಗಟ್ಟಲೆ ಕ್ರಿಮಿಗಳಿರಬೇಕು.

ಭೌತಶಾಸ್ತ್ರದವರಾದ ನಮಗೆ ಇದು ಪರಿಚಿತವಾದ ತೊಡಕು. ವಿಕಿರಣದ ಕಣಗಳನ್ನು ಎಣಿಸುವಾಗ ಅನ್ವಯಿಸುವ ಪ್ವಾಸಾನ್ ನಿಯಮವೇ ಇಲ್ಲಿಯೂ ಸಲ್ಲುತ್ತದೆ. ಸರಾಸರಿ 2 ಮಿಲಿಲೀಟರಿಗೆ ಒಂದು ಕ್ರಿಮಿಯಿದೆಯೆನ್ನಿ. ಅಷ್ಟೇ ದ್ರವವನ್ನು ತೆಗೆದರೆ ಅದರಲ್ಲಿ ಒಂದೂ ಇಲ್ಲದಿರುವ ಸಂಭವ ನೂರಕ್ಕೆ 37. 6 ಮಿಲಿಲೀಟರು ತೆಗೆದರೆ ನೂರಕ್ಕೆ 5 ಮಾತ್ರ! ತಜ್ಞರು ಕನಿಷ್ಠ 6 ಮಿಲಿಲೀಟರನ್ನು ಕೇಳುವುದು ಸುಮ್ಮನೆ ಅಲ್ಲ. ಇಷ್ಟು ತೆಗೆದರೆ ಮೆದುಳು ಒಣಗೀತೆಂದು ಬಂಧುಗಳು ಅಂಜುವುದುಂಟು. ಆದರೆ ದೇಹವು ದಿನಕ್ಕೆ ಸುಮಾರು ಅರ್ಧ ಲೀಟರು ದ್ರವವನ್ನು ಹೊಸದಾಗಿ ಸ್ರವಿಸುತ್ತದೆ.

ಕ್ರಿಮಿಯನ್ನು ಪ್ರಯೋಗಾಲಯದಲ್ಲಿ ಬೆಳೆಸಿ ನೋಡಬಹುದಲ್ಲ ಎಂದರೆ, ಅದು ಇಬ್ಭಾಗವಾಗಲು ಹತ್ತಿರ ಹತ್ತಿರ ಒಂದು ದಿನ ಬೇಕು. ಬೆಳೆ ಕಾಣಲು ವಾರಗಳೇ ಹಿಡಿಯುತ್ತವೆ. ಚಿತ್ರಣಯಂತ್ರವೂ ಮೋಸಹೋಗುವುದುಂಟು: ಕ್ಷಯದ ಗಂಟೂ ಲಾಡಿಹುಳುವಿನ ಮರಿಯ ಕೋಶವೂ ಮೆದುಳಿನಲ್ಲಿ ಒಂದೇ ಬಗೆಯ ಉಂಗುರವಾಗಿ ತೋರಬಹುದು. ನಮ್ಮ ದೇಶದಲ್ಲಿ ಎರಡೂ ಉಂಟು. 2010ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮನ್ನಣೆ ಪಡೆದ ಜೀನ್‌ಎಕ್ಸ್‌ಪರ್ಟ್ ಯಂತ್ರವು ಕ್ರಿಮಿಯ ಡಿಎನ್‌ಎಯನ್ನು ಎರಡು ಗಂಟೆಗಳೊಳಗೆ ಪತ್ತೆಮಾಡುತ್ತದೆ. 'ಇದೆ' ಎಂದರೆ ಬಹುಮಟ್ಟಿಗೆ ನಂಬಬಹುದು. 'ಇಲ್ಲ' ಎಂದರೆ ನಂಬಿ ಕೂರುವಂತಿಲ್ಲ.

ಆದುದರಿಂದ ದ್ರವದಲ್ಲಿ ಸಕ್ಕರೆ ಇಳಿದು, ಪ್ರೋಟೀನು ಏರಿ, ಲಿಂಫೋಸೈಟ್ ಕಣಗಳು ಹೆಚ್ಚಿರುವುದನ್ನು ಕಂಡ ವೈದ್ಯರು ಬೇರೆ ರೋಗಗಳ ಸಾಧ್ಯತೆಯನ್ನೂ ತೂಗಿನೋಡಿ, ಶಂಕೆಯ ಮೇಲೆಯೇ ಔಷಧವನ್ನು ಆರಂಭಿಸುತ್ತಾರೆ. ಪೀಣ್ಯದ ಆ ತರುಣನ ಕ್ರಿಮಿಬೆಳೆಯ ವರದಿ ಆರನೆಯ ವಾರದಲ್ಲಿ ಬರಬಹುದು. ಅದನ್ನು ಕೈಯಲ್ಲಿ ಹಿಡಿದು ಓದಲು ಅವನಿರಬೇಕಾದರೆ, ಮಾತ್ರೆಗಳು ಮೊದಲ ದಿನವೇ ಹೊಟ್ಟೆ ಸೇರಿರಬೇಕು.