ಗದ್ದೆ ಬಿಡದ ಗಿಟಾರು

ಎಂಬತ್ತರ ದಶಕದ ನಡುವೆ ಪ್ಯಾರಿಸ್ಸಿನ ಅಂಗಡಿಯೊಂದರಲ್ಲಿ ಬಿಬಿಸಿಯ ಆಂಡಿ ಕರ್ಶಾಗೆ ಹಳೆಯ ರೆಕಾರ್ಡೊಂದು ಸಿಕ್ಕಿತು. ಗಿಟಾರು, ಜೊತೆಗೆ ಸೋರೆಬುರುಡೆಯ ತಾಳ. ಕೇಳಿದರೆ ಥೇಟ್ ಅಮೆರಿಕದ ಬ್ಲೂಸ್, ಭಾಷೆ ಮಾತ್ರ ಆಫ್ರಿಕದ್ದು. ಕವರಿನ ಮೇಲಿದ್ದ ಹೆಸರು ಅಲಿ ಫರ್ಕಾ ಟೂರೆ. ಕರ್ಶಾ ಅದನ್ನು ರೇಡಿಯೊದಲ್ಲಿ ಹಾಕಿದ್ದೇ ತಡ, ಈ ಹಾಡುಗಾರ ಯಾರು, ಎಲ್ಲಿಯವನು ಎಂಬ ಕುತೂಹಲ ಹಬ್ಬಿತು.

ಲಂಡನ್ನಿನ ವರ್ಲ್ಡ್ ಸರ್ಕ್ಯೂಟ್ ಸಂಸ್ಥೆಯ ಆ್ಯನ್ ಹಂಟ್ ಆತನನ್ನು ಹುಡುಕಿಕೊಂಡು ಮಾಲಿ ದೇಶದ ರಾಜಧಾನಿ ಬಮಾಕೊಗೆ ಬಂದಿಳಿದಳು. ಕೊನೆಗೆ ಕೈಹಿಡಿದದ್ದು ಅಲ್ಲಿನ ರೇಡಿಯೊ. ಅಲಿ ಎಲ್ಲಿದ್ದರೂ ಬರಬೇಕೆಂದು ಪ್ರಕಟಣೆ ಹೊರಟಿತು. ಎಪ್ಪತ್ತರ ದಶಕದಲ್ಲಿ ಅದೇ ರೇಡಿಯೊ ಮಾಲಿಯಲ್ಲಿ ಅಲಿ ಧ್ವನಿಮುದ್ರಣದ ಕೆಲಸ ಮಾಡಿಕೊಂಡಿದ್ದ. ಕರೆ ಮುಟ್ಟಿತು. 1987ರಲ್ಲಿ ಆತ ಲಂಡನ್ನಿನಲ್ಲಿ ಹಾಡಿದ.

ಅಷ್ಟರಲ್ಲಾಗಲೇ ಆತನಿಗೆ ಐವತ್ತು ಹತ್ತಿರವಾಗಿತ್ತು. 1939ರಲ್ಲಿ ಹುಟ್ಟಿದ ಅಲಿ, ನೈಜರ್ ನದಿಯ ದಡದ ನಿಯಾಫುಂಕೆಯಲ್ಲಿ ಬೆಳೆದವನು. ಮನೆತನದಲ್ಲಿ ಸಂಗೀತ ಇರಲಿಲ್ಲ, ಮನೆಯವರಿಗೆ ಅದು ಬೇಕಾಗಿಯೂ ಇರಲಿಲ್ಲ. ಹಟಮಾರಿ ಹುಡುಗ ಗುರ್ಕೆಲ್ ಎಂಬ ಒಂಟಿ ತಂತಿಯ ವಾದ್ಯವನ್ನು ತಾನೇ ಕಲಿತ. 1956ರಲ್ಲಿ ಗಿನಿಯ ಕೈಟಾ ಫೊಡೆಬಾ ಗಿಟಾರು ನುಡಿಸಿದ್ದನ್ನು ಕಂಡು ಮರುಳಾದ. ಗುರುವಿಲ್ಲ. ಒಂಟಿ ತಂತಿಯಲ್ಲಿ ಬರುತ್ತಿದ್ದ ಮಟ್ಟುಗಳನ್ನೇ ಆರು ತಂತಿಗಳ ಮೇಲೆ ತಡಕಾಡಿ ಕೂರಿಸಿದ. 1968ರ ಸುಮಾರಿಗೆ ಬಮಾಕೊದಲ್ಲಿ ವಿದ್ಯಾರ್ಥಿಯೊಬ್ಬ ಅಮೆರಿಕದ ಬ್ಲೂಸ್ ಹಾಡುಗಾರ ಜಾನ್ ಲೀ ಹೂಕರ್‌ನ ರೆಕಾರ್ಡು ಹಾಕಿದಾಗ ಅಲಿ ಬೆರಗಾದ. ಇದು ನಮ್ಮ ಕಡೆಯದೇ ಸಂಗೀತ, ಅಲ್ಲಿಗೆ ಹೋದದ್ದು ಹೇಗೆ?

ಆ ಪ್ರಶ್ನೆ ಹಾಗೇ ಉಳಿಯಿತು, ಕೀರ್ತಿ ಮಾತ್ರ ಬೆಳೆಯಿತು. ಅಮೆರಿಕದ ಗಿಟಾರು ವಾದಕ ರೈ ಕೂಡರ್ ಜೊತೆ ಮಾಡಿದ ‘ಟಾಕಿಂಗ್ ಟಿಂಬಕ್ಟೂ’ ಆಲ್ಬಂ 1994ರಲ್ಲಿ ಹೊರಬಂದು ಗ್ರ್ಯಾಮಿ ಗೆದ್ದಿತು. ಜಗತ್ತು ಮುಂದಿನ ಹಾಡಿಗೆ ಕಾದು ಕೂತಿದ್ದರೆ, ಆತ ಊರಿಗೆ ನಡೆದುಬಿಟ್ಟ. ಸಹಾರಾದ ಅಂಚಿನ ಆ ಸೀಮೆ ಎಪ್ಪತ್ತು, ಎಂಬತ್ತರ ದಶಕಗಳ ಬರಕ್ಕೆ ತತ್ತರಿಸಿತ್ತು. ಅಲಿ ಹಾಡಿನಿಂದ ಬಂದ ದುಡ್ಡನ್ನು ನೀರಾವರಿಗೆ ಸುರಿದ, ನದಿಯ ನೀರನ್ನು ಹೊಲಗದ್ದೆಗೆ ಹತ್ತಿಸಲು ಹೆಣಗಿದ. ತಾನು ಮೊದಲು ರೈತ, ಆಮೇಲೆ ಹಾಡುಗಾರ ಎನ್ನುವುದು ಆತನ ನಿಲುವು. ಬೆಳೆ ಬಿಟ್ಟು ಸ್ಟುಡಿಯೊಗೆ ಬರುವ ಮಾತೇ ಇರಲಿಲ್ಲ.

ನಿರ್ಮಾಪಕ ನಿಕ್ ಗೋಲ್ಡ್‌ಗೆ ಬೇರೆ ದಾರಿ ಕಾಣಲಿಲ್ಲ. ಸ್ಟುಡಿಯೊವನ್ನೇ ಹೊತ್ತುಕೊಂಡು ನಿಯಾಫುಂಕೆಗೆ ಹೋದ. ಪಾಳುಬಿದ್ದ ಕಟ್ಟಡವೊಂದರಲ್ಲಿ ಮೈಕುಗಳು ಎದ್ದುನಿಂತವು. ಕರೆಂಟಿಲ್ಲದೆ ಜನರೇಟರು ಗುಡುಗುಟ್ಟಿತು. ಉಪಕರಣ ಸಿದ್ಧವಾದರೂ ಹಾಡುಗಾರ ಗದ್ದೆಯಲ್ಲಿ. ಹೊಲದ ಕೆಲಸ ಮುಗಿಸಿ ಆತ ಬಂದಾಗಲೇ ಧ್ವನಿಮುದ್ರಣ. ‘ನಿಯಾಫುಂಕೆ’ ಆಲ್ಬಂ 1999ರಲ್ಲಿ ಬಿಡುಗಡೆಯಾಯಿತು. 2004ರಲ್ಲಿ ಊರಿನವರು ಆತನನ್ನೇ ಮೇಯರ್ ಮಾಡಿದರು. ರಸ್ತೆಗೆ, ಚರಂಡಿಗೆ ಆತ ಸ್ವಂತ ದುಡ್ಡು ಹಾಕಿದ. 2006ರಲ್ಲಿ ತೀರಿಕೊಂಡ.

ಹೂಕರ್‌ನ ಒಗಟಿಗೆ ಉತ್ತರ ಗುರ್ಕೆಲ್‌ನಲ್ಲೇ ಇತ್ತು. ಒಂಟಿ ತಂತಿಯಲ್ಲಿ ಸ್ವರಗಳಿಗೆ ಜಾಗ ಕಡಿಮೆ. ಹಾಗಾಗಿ ಚಿಕ್ಕದೊಂದು ಪಲುಕು ಸುತ್ತಿ ಸುತ್ತಿ ಬರುತ್ತದೆ. ಅಲಿ ಗಿಟಾರಿನಲ್ಲೂ ಮಂದ್ರದ ತಂತಿಯನ್ನು ಶ್ರುತಿಯಂತೆ ಮಿಡಿಯುತ್ತ, ನಮ್ಮ ಔಡವ ರಾಗಗಳಲ್ಲಿರುವ ಹಾಗೆ ಐದೇ ಸ್ವರಗಳಲ್ಲಿ ಆ ಪಲುಕನ್ನು ತಿರುಗಿಸುತ್ತಿದ್ದ. ಗುಲಾಮರಾಗಿ ಅಟ್ಲಾಂಟಿಕ್ ದಾಟಿದ ಪಶ್ಚಿಮ ಆಫ್ರಿಕದ ಜನ ಇಂಥದೇ ಸಂಗೀತವನ್ನು ಜೊತೆಗೊಯ್ದಿದ್ದರು. ಅಲಿ ಅಮೆರಿಕದಿಂದ ಬ್ಲೂಸ್ ಕಲಿತಿರಲಿಲ್ಲ. ಬ್ಲೂಸಿನ ಬೇರೇ ಆತನ ಸೀಮೆಯಲ್ಲಿತ್ತು.